ಅಪ್‌ಡೇಟ್ ಬಂತು, ಮೊದಲು ಯಾವ ಸಿಸ್ಟಂಗೆ?

ಹತ್ತರಿಂದ ನೂರು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವರಿಗೆ ಗುಂಪು ಮಾಡಿ ಅಪ್‌ಡೇಟ್ ಹಾಕುವ ಕೈಪಿಡಿ

2024ರ ಜುಲೈ 19, ಶುಕ್ರವಾರ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ಗಳ ಮುಂದೆ ಬೆಳಿಗ್ಗೆಯೇ ಸಾಲು ಉದ್ದವಾಗತೊಡಗಿತು. ಇಂಡಿಗೊ, ಆಕಾಶ ಏರ್, ಸ್ಪೈಸ್‌ಜೆಟ್ ಸಂಸ್ಥೆಗಳ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತ್ತು. ಸಿಬ್ಬಂದಿ ಕೈಯಲ್ಲೇ ಕೆಲಸ ನಡೆಸಬೇಕಾಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಜಗತ್ತಿನ ಆಸ್ಪತ್ರೆ, ಬ್ಯಾಂಕು, ಟಿವಿ ವಾಹಿನಿಗಳಲ್ಲೂ ಅದೇ ಹೊತ್ತಿಗೆ ಪರದೆಗಳು ನೀಲಿಯಾಗಿದ್ದವು.

ಅಂದಿನ ಜಾಗತಿಕ ಗೋಳಿನ ಮುಖ್ಯ ಕಾರಣ ಒಂದು ಅಪ್‌ಡೇಟ್. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ನಮ್ಮ ಸಮಯ ಬೆಳಿಗ್ಗೆ 9.39ಕ್ಕೆ ಕಳಿಸಿದ ದೋಷಪೂರಿತ ಕಡತವನ್ನು 10.57ಕ್ಕೆ ವಾಪಸ್ ಪಡೆಯಿತು. ಆ 78 ನಿಮಿಷಗಳಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಆ ಕಡತ ಎಲ್ಲರಿಗೂ ಒಟ್ಟಿಗೇ ಹೋಗಿತ್ತು. ಮೊದಲು ಸ್ವಲ್ಪ ಯಂತ್ರಗಳಿಗೆ ಕೊಟ್ಟು, ಅವು ಎದ್ದು ನಿಂತಿವೆಯೇ ಎಂದು ನೋಡಿ, ಆಮೇಲೆ ಉಳಿದವಕ್ಕೆ ಕೊಡುವ ಹಂತ ಅಲ್ಲಿರಲಿಲ್ಲ.

ಇದನ್ನು ಕೇಳಿದ ಕೂಡಲೇ ‘ಹಾಗಾದರೆ ಅಪ್‌ಡೇಟ್ ಆಫ್ ಮಾಡಿಬಿಡೋಣ’ ಎನ್ನುವವರು ಇನ್ನೊಂದು ಘಟನೆಯನ್ನೂ ನೆನಪಿಟ್ಟುಕೊಳ್ಳಬೇಕು. 2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿ, ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಬಿಟ್ಟಿತ್ತು. ಹೆಚ್ಚುಕಡಿಮೆ ಎರಡು ತಿಂಗಳು ಕಾಲಾವಕಾಶವಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಎಲ್ಲಕ್ಕೂ ಒಮ್ಮೆಗೇ ಹಾಕಿದರೆ ಒಂದು ಅಪಾಯ, ಹಾಕದೇ ಕೂತರೆ ಇನ್ನೊಂದು. ಎರಡರ ನಡುವೆ ಇರುವ ದಾರಿಯೇ ಕಂಪ್ಯೂಟರ್‌ಗಳನ್ನು ಗುಂಪುಗಳಾಗಿ ವಿಂಗಡಿಸುವುದು. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ಹೊಸಕೋಟೆಯ ಪಿಳ್ಳಗುಂಪೆ, ನೆಲಮಂಗಲದ ದಾಬಸ್‌ಪೇಟೆ ಕಡೆಯ ಸಣ್ಣ, ಮಧ್ಯಮ ಕಾರ್ಖಾನೆಗಳಲ್ಲಿ, ಕಾಲೇಜು ಲ್ಯಾಬ್‌ಗಳಲ್ಲಿ, ನರ್ಸಿಂಗ್ ಹೋಂಗಳಲ್ಲಿ, ಸಹಕಾರ ಸಂಘಗಳಲ್ಲಿ ಸಿಸ್ಟಂ ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ಒಬ್ಬರ ಮೇಲಿರುತ್ತದೆ. ಅವರಿಗೆ ಪ್ರಿಂಟರ್, ಸಿಸಿಟಿವಿ, ಬಯೋಮೆಟ್ರಿಕ್ ಹಾಜರಿಯ ಕೆಲಸವೂ ಇರುತ್ತದೆ. ಈ ಲೇಖನ ಅವರಿಗಾಗಿ.

ಗುಂಪು ಮಾಡುವುದೆಂದರೆ

ದೊಡ್ಡಬಳ್ಳಾಪುರದ ನೇಕಾರರು ಹೊಸ ವಿನ್ಯಾಸವನ್ನು ಎಲ್ಲ ಮಗ್ಗಗಳಿಗೂ ಒಟ್ಟಿಗೇ ಏರಿಸುವುದಿಲ್ಲ. ಒಂದು ಮಗ್ಗದಲ್ಲಿ ನೇಯ್ದು, ಅಂಚು ಸೆರಗು ಸರಿಯಾಗಿ ಕೂತಿತೇ ಎಂದು ನೋಡಿ, ಆಮೇಲೆ ಉಳಿದವಕ್ಕೆ ಹೋಗುತ್ತಾರೆ. ಅಪ್‌ಡೇಟ್‌ಗೂ ಇದೇ ಕ್ರಮ. ನೆಟ್‌ವರ್ಕಿನಲ್ಲಿರುವ ಪ್ರತಿ ಕಂಪ್ಯೂಟರೂ ಒಂದು ಗುಂಪಿಗೆ ಸೇರಿರುತ್ತದೆ. ಪ್ರತಿ ಗುಂಪಿಗೂ ಅಪ್‌ಡೇಟ್ ತಲುಪುವ ದಿನ ಬೇರೆ. ಮೊದಲ ಗುಂಪಿನಲ್ಲಿ ತೊಂದರೆ ಕಂಡರೆ ಮುಂದಿನ ಗುಂಪಿಗೆ ಹೋಗುವ ಮುನ್ನ ತಡೆಯಲು ಸಮಯ ಸಿಗುತ್ತದೆ.

ವಿಂಗಡಣೆಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಕೋಣೆ ಅಥವಾ ವಿಭಾಗ ನೋಡಿ ಗುಂಪು ಮಾಡುತ್ತಾರೆ. ಮೊದಲ ಮಹಡಿ ಒಂದು ಗುಂಪು, ಅಕೌಂಟ್ಸ್ ಒಂದು, ಸ್ಟೋರ್ಸ್ ಇನ್ನೊಂದು. ಹೀಗೆ ಮಾಡಿದರೆ ಅಕೌಂಟ್ಸ್ ಗುಂಪಿನಲ್ಲಿ ಕೆಟ್ಟಾಗ ಅಕೌಂಟ್ಸ್ ಪೂರ್ತಿ ನಿಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಸಿಸ್ಟಂ ಅರ್ಧ ದಿನ ನಿಂತರೆ ಏನು ನಿಲ್ಲುತ್ತದೆ? ಉತ್ತರ ‘ಏನೂ ಇಲ್ಲ, ಪಕ್ಕದ ಸಿಸ್ಟಂನಲ್ಲಿ ಕೂರುತ್ತಾರೆ’ ಎಂದಾದರೆ ಅದು ಮೊದಲ ಗುಂಪುಗಳಿಗೆ. ‘ಗೇಟಿನಲ್ಲಿ ಲಾರಿ ನಿಲ್ಲುತ್ತದೆ’ ಎಂದಾದರೆ ಕೊನೆಯ ಗುಂಪಿಗೆ. ಯಾವ ಯಂತ್ರ ಬಿದ್ದರೆ ತಡೆದುಕೊಳ್ಳಬಹುದು, ಯಾವುದು ಬೀಳಕೂಡದು ಎಂಬ ತೀರ್ಮಾನವನ್ನು ತೊಂದರೆ ಬರುವ ಮುಂಚೆಯೇ, ಸಮಾಧಾನದಲ್ಲಿ ಕೂತು ತೆಗೆದುಕೊಳ್ಳುವುದೇ ಇಡೀ ಕೆಲಸದ ತಿರುಳು. ತಂತ್ರಾಂಶ ಆ ತೀರ್ಮಾನವನ್ನು ಜಾರಿಗೊಳಿಸುತ್ತದೆ, ಅಷ್ಟೆ.

ಮೊದಲು ಪಟ್ಟಿ

ಗುಂಪಿಗೆ ಕೈಹಾಕುವ ಮುನ್ನ ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಪ್ರತಿ ಕಂಪ್ಯೂಟರಿಗೆ ಒಂದು ಸಾಲು. ಅದರಲ್ಲಿ ಇಷ್ಟು ಇರಲಿ:

• ಕಂಪ್ಯೂಟರಿನ ಹೆಸರು, ಅದು ಇರುವ ಜಾಗ, ಬಳಸುವವರ ಹುದ್ದೆ.
• ವಿಂಡೋಸ್ ಆವೃತ್ತಿ: 10 ಅಥವಾ 11, ಹೋಮ್ ಅಥವಾ ಪ್ರೊ. ಸ್ಟಾರ್ಟ್ ಮೆನುವಿನಲ್ಲಿ ‘ವಿನ್‌ವರ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆವೃತ್ತಿ ತೋರಿಸುತ್ತದೆ.
• ಅದಕ್ಕೆ ತಗುಲಿಹಾಕಿದ ಸಾಧನಗಳು: ಬಾರ್‌ಕೋಡ್ ಪ್ರಿಂಟರ್, ವೇ ಬ್ರಿಡ್ಜ್, ಬಯೋಮೆಟ್ರಿಕ್, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್, ಎಕ್ಸ್‌ರೇ ಯಂತ್ರ.
• ಅದರಲ್ಲಿ ಮಾತ್ರ ನಡೆಯುವ ತಂತ್ರಾಂಶ: ಟ್ಯಾಲಿ, ಕಸೂತಿ ವಿನ್ಯಾಸದ ತಂತ್ರಾಂಶ, ಲ್ಯಾಬ್ ರಿಪೋರ್ಟ್ ತಂತ್ರಾಂಶ, ನುಡಿ.
• ನಿಂತರೆ ಏನು ನಿಲ್ಲುತ್ತದೆ, ಬದಲಿ ಉಂಟೇ.

ಕೊನೆಯ ಅಂಕಣವನ್ನು ನೀವೊಬ್ಬರೇ ತುಂಬಬೇಡಿ. ಆಯಾ ಮೇಜಿನವರನ್ನೇ ಕೇಳಿ. ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಸಿಸ್ಟಂ ಒಂದೇ ಇ-ವೇ ಬಿಲ್ಲಿನ ಪ್ರಿಂಟರಿಗೆ ಜೋಡಣೆಯಾಗಿರುವುದು ಹೀಗೆ ಕೇಳಿದಾಗಲೇ ಗೊತ್ತಾಗುತ್ತದೆ.

ಕಂಪ್ಯೂಟರಿನ ಹೆಸರುಗಳನ್ನೂ ಈ ಹಂತದಲ್ಲೇ ಸರಿಪಡಿಸಿ. ‘ಡೆಸ್ಕ್‌ಟಾಪ್’ ಎಂದು ಶುರುವಾಗಿ ಗೊತ್ತುಗುರಿಯಿಲ್ಲದ ಅಕ್ಷರಗಳಿರುವ ಹೆಸರಿನ ನಲವತ್ತು ಯಂತ್ರಗಳನ್ನು ಯಾರೂ ವಿಂಗಡಿಸಲಾರರು. ವಿಭಾಗ ಮತ್ತು ಕ್ರಮಸಂಖ್ಯೆ ಸೇರಿಸಿ ಚಿಕ್ಕ ಹೆಸರು ಕೊಡಿ, ಅದೇ ಹೆಸರಿನ ಚೀಟಿಯನ್ನು ಸಿಪಿಯು ಮೇಲೂ ಅಂಟಿಸಿ.

ಐದು ಗುಂಪು ಸಾಕು

ನಲವತ್ತು ಕಂಪ್ಯೂಟರ್‌ಗಳ ಒಂದು ಗಾರ್ಮೆಂಟ್ ಕಾರ್ಖಾನೆ ಎಂದಿಟ್ಟುಕೊಳ್ಳೋಣ. ವಿಂಗಡಣೆ ಹೀಗಿರಬಹುದು.

*ಪರೀಕ್ಷೆ (3 ಸಿಸ್ಟಂ).* ನಿಮ್ಮ ಸ್ವಂತ ಸಿಸ್ಟಂ, ಒಂದು ಹೊಸ ಮಾದರಿ, ಒಂದು ಹಳೆಯ ಮಾದರಿ. ಕಾರ್ಖಾನೆಯಲ್ಲಿ ಯಾವ್ಯಾವ ಬಗೆಯ ಯಂತ್ರಗಳಿವೆಯೋ ಅವುಗಳ ಪ್ರತಿನಿಧಿ ಇಲ್ಲಿರಬೇಕು. ಬಳಸದೆ ಬಿಟ್ಟ ಸಿಸ್ಟಂಗಳನ್ನು ಇಲ್ಲಿಗೆ ಹಾಕಬೇಡಿ. ಯಾರೂ ಕೆಲಸ ಮಾಡದ ಯಂತ್ರದಲ್ಲಿ ಯಾವ ದೋಷವೂ ಕಾಣುವುದಿಲ್ಲ.

*ಮುಂಚೂಣಿ (7).* ಪ್ರತಿ ವಿಭಾಗದಿಂದ ಒಂದೊಂದು. ತೊಂದರೆ ಬಂದರೆ ಗಾಬರಿಯಾಗದೆ, ಏನಾಯಿತೆಂದು ಸರಿಯಾಗಿ ಹೇಳಬಲ್ಲವರ ಸಿಸ್ಟಂ ಆರಿಸಿ. ಅವರಿಗೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆಯಿರಿ.

*ಸಾಮಾನ್ಯ (20).* ಉಳಿದ ದಿನನಿತ್ಯದ ಸಿಸ್ಟಂಗಳು.

*ಜೋಪಾನ (7).* ಟ್ಯಾಲಿ ಸರ್ವರ್, ಡಿಎಸ್‌ಸಿ ಟೋಕನ್ ಇರುವ ಸಿಸ್ಟಂ, ಗೇಟಿನ ಬಿಲ್ಲಿಂಗ್, ವೇ ಬ್ರಿಡ್ಜ್, ಸಂಬಳದ ಲೆಕ್ಕ. ಇವು ಕೊನೆಗೆ, ಬ್ಯಾಕಪ್ ತೆಗೆದ ಮೇಲೆ, ನೀವು ಎದುರಿಗಿರುವಾಗ ಮಾತ್ರ ಅಪ್‌ಡೇಟ್ ಆಗಬೇಕು.

*ಪ್ರತ್ಯೇಕ (3).* ಅಪ್‌ಡೇಟ್ ಹಾಕಲಾಗದ ಹಳೆಯ ಯಂತ್ರಗಳು. ಇವುಗಳ ಮಾತು ಮುಂದೆ ಬರುತ್ತದೆ.

ಹತ್ತೇ ಸಿಸ್ಟಂ ಇರುವ ಕಚೇರಿಗೆ ಪರೀಕ್ಷೆ, ಸಾಮಾನ್ಯ, ಜೋಪಾನ ಎಂಬ ಮೂರು ಸಾಕು. ಗುಂಪು ಹೆಚ್ಚಿದಷ್ಟೂ ನೋಡಿಕೊಳ್ಳುವ ಕೆಲಸ ಹೆಚ್ಚುತ್ತದೆ. ಒಂದು ಗುಂಪನ್ನು ಬೇರೆಯಾಗಿ ನಡೆಸಲು ಕಾರಣ ಹೇಳಲಾಗದಿದ್ದರೆ ಅದನ್ನು ಪಕ್ಕದ್ದಕ್ಕೆ ಸೇರಿಸಿ.

ತಿಂಗಳ ಲೆಕ್ಕಕ್ಕೆ ಹೊಂದುವ ದಿನಾಂಕ

ಮೈಕ್ರೋಸಾಫ್ಟ್ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್‌ಡೇಟ್ ಬಿಡುತ್ತದೆ. 2003ರಿಂದ ಇದೇ ಪದ್ಧತಿ. ಅಮೆರಿಕದ ಪಶ್ಚಿಮ ತೀರದ ಬೆಳಿಗ್ಗೆ 10 ಗಂಟೆಯೆಂದರೆ ನಮಗೆ ಆ ರಾತ್ರಿ 10.30 ಅಥವಾ 11.30. ಆದ್ದರಿಂದ ನಮ್ಮ ಪಾಲಿಗೆ ಅಪ್‌ಡೇಟಿನ ದಿನ ಬುಧವಾರ, ತಿಂಗಳ 9ರಿಂದ 15ರೊಳಗೆ.

ಅಕೌಂಟ್ಸ್ ವಿಭಾಗಕ್ಕೆ ಇದೇ ಬಿಡುವಿಲ್ಲದ ಕಾಲ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಗಡುವು 11, ಪಿಎಫ್ ಮತ್ತು ಇಎಸ್‌ಐ ಕಟ್ಟಲು 15, ಜಿಎಸ್‌ಟಿಆರ್-3ಬಿಗೆ 20. ಈ ದಿನಗಳಲ್ಲಿ ಟೋಕನ್ ಕೆಲಸ ಮಾಡದಿದ್ದರೆ ದಂಡ ಕಟ್ಟಬೇಕಾದೀತು. ಆದ್ದರಿಂದ ಗುಂಪುಗಳಿಗೆ ದಿನ ಹೀಗೆ ಗೊತ್ತುಮಾಡಿ:

• ಪರೀಕ್ಷೆ: ಎರಡನೇ ಮಂಗಳವಾರದ ಮರುದಿನ, ಬುಧವಾರ.
• ಮುಂಚೂಣಿ: ಎರಡು ದಿನ ಬಿಟ್ಟು, ಶುಕ್ರವಾರ. ಶನಿವಾರವೂ ಕೆಲಸವಿರುವ ಕಾರ್ಖಾನೆಗಳಲ್ಲಿ ದೋಷ ಹಿಡಿಯಲು ಇನ್ನೊಂದು ದಿನ ಸಿಗುತ್ತದೆ.
• ಸಾಮಾನ್ಯ: ಒಂದು ವಾರ ಬಿಟ್ಟು, ಮುಂದಿನ ಬುಧವಾರ.
• ಜೋಪಾನ: ಎರಡು ವಾರ ಬಿಟ್ಟು. ಈ ದಿನ ಯಾವ ತಿಂಗಳಲ್ಲೂ 23ಕ್ಕಿಂತ ಮುಂಚೆ ಬರುವುದಿಲ್ಲ. ಗಡುವುಗಳೆಲ್ಲ ಮುಗಿದಿರುತ್ತವೆ.

ಕಾಲೇಜು ಲ್ಯಾಬ್‌ಗಳಲ್ಲಿ ಗಡುವಿನ ಬದಲು ಪ್ರಾಯೋಗಿಕ ಪರೀಕ್ಷೆಯ ವೇಳಾಪಟ್ಟಿ ನೋಡಿ. ಎಲ್ಲ ಕಡೆಯೂ ಬೆಸ್ಕಾಂನ ನಿಗದಿತ ವಿದ್ಯುತ್ ನಿಲುಗಡೆಯ ಪ್ರಕಟಣೆಯನ್ನೂ ನೋಡಿಕೊಳ್ಳಿ. ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಗಿ ಯುಪಿಎಸ್ ಸೋತರೆ ವಿಂಡೋಸ್ ಮತ್ತೆ ಏಳದಿರಬಹುದು. ಬ್ಯಾಟರಿ ಹಳೆಯದಾದ ಯುಪಿಎಸ್ ಇರುವ ಮೇಜುಗಳನ್ನು ಪಟ್ಟಿಯಲ್ಲಿ ಗುರುತು ಹಾಕಿ.

ಸರ್ವರ್ ಇದ್ದವರಿಗೆ: ಡಬ್ಲ್ಯುಎಸ್‌ಯುಎಸ್

ವಿಂಡೋಸ್ ಸರ್ವರ್ ಇರುವ ಸಂಸ್ಥೆಗಳಿಗೆ ಅದರೊಳಗೇ ಸಿಗುವ ಸಾಧನ ವಿಂಡೋಸ್ ಸರ್ವರ್ ಅಪ್‌ಡೇಟ್ ಸರ್ವಿಸಸ್, ಅಂದರೆ ಡಬ್ಲ್ಯುಎಸ್‌ಯುಎಸ್. 2005ರಿಂದ ಬಳಕೆಯಲ್ಲಿದೆ. ಅಪ್‌ಡೇಟನ್ನು ಸರ್ವರ್ ಒಮ್ಮೆ ಇಳಿಸಿಕೊಂಡು ಲ್ಯಾನ್ ಮೂಲಕ ಎಲ್ಲರಿಗೂ ಹಂಚುವುದರಿಂದ ನಿಧಾನದ ಇಂಟರ್‌ನೆಟ್ ಇರುವ ಕಡೆಗೂ ಅನುಕೂಲ.

ಸ್ಥಾಪಿಸಿದಾಗ ಅದರಲ್ಲಿ ಎರಡು ಗುಂಪುಗಳು ತಾವಾಗಿ ಇರುತ್ತವೆ: ‘ಆಲ್ ಕಂಪ್ಯೂಟರ್ಸ್’ ಮತ್ತು ‘ಅನ್‌ಅಸೈನ್ಡ್ ಕಂಪ್ಯೂಟರ್ಸ್’. ಹೊಸದಾಗಿ ಸಂಪರ್ಕಕ್ಕೆ ಬಂದ ಯಂತ್ರ ಎರಡನೆಯದರಲ್ಲಿ ಬಂದು ಕೂರುತ್ತದೆ. ‘ಆಲ್ ಕಂಪ್ಯೂಟರ್ಸ್’ ಕೆಳಗೆ ನಿಮ್ಮ ಗುಂಪುಗಳನ್ನು ಸೃಷ್ಟಿಸಿ. ಮೇಲಿನ ಗುಂಪಿಗೆ ಕೊಟ್ಟ ಅನುಮತಿ ಕೆಳಗಿನವುಗಳಿಗೂ ಇಳಿಯುತ್ತದೆ. ಆದ್ದರಿಂದ ‘ಆಲ್ ಕಂಪ್ಯೂಟರ್ಸ್’ ಮೇಲೆ ನೇರವಾಗಿ ಅನುಮತಿ ಒತ್ತಬೇಡಿ, ಒತ್ತಿದರೆ ಗುಂಪು ಮಾಡಿದ ಉದ್ದೇಶವೇ ಹೋಯಿತು.

ಯಂತ್ರಗಳನ್ನು ಗುಂಪಿಗೆ ಸೇರಿಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ನೀವೇ ಸರ್ವರಿನ ಕನ್ಸೋಲಿನಲ್ಲಿ ಒಂದೊಂದನ್ನೇ ಆರಿಸಿ ಗುಂಪಿಗೆ ಹಾಕುತ್ತೀರಿ. ಮೂವತ್ತು ನಲವತ್ತು ಯಂತ್ರಗಳವರೆಗೆ ಇದು ಸಲೀಸು. ಎರಡನೆಯದರಲ್ಲಿ ಗ್ರೂಪ್ ಪಾಲಿಸಿಯ ‘ಎನೇಬಲ್ ಕ್ಲೈಂಟ್-ಸೈಡ್ ಟಾರ್ಗೆಟಿಂಗ್’ ಎಂಬ ಆಯ್ಕೆಯಲ್ಲಿ ಗುಂಪಿನ ಹೆಸರು ಬರೆಯುತ್ತೀರಿ, ಯಂತ್ರವೇ ‘ನಾನು ಈ ಗುಂಪಿನವನು’ ಎಂದು ಸರ್ವರಿಗೆ ಹೇಳುತ್ತದೆ. ಯಂತ್ರಗಳು ಹೆಚ್ಚಿದ್ದರೆ ಇದೇ ಒಳ್ಳೆಯದು. ಕನ್ಸೋಲಿನಲ್ಲಿರುವ ಹೆಸರಿಗೂ ಪಾಲಿಸಿಯಲ್ಲಿ ಬರೆದ ಹೆಸರಿಗೂ ಒಂದಕ್ಷರ ವ್ಯತ್ಯಾಸ ಬರಕೂಡದು. ಎರಡು ಕ್ರಮಗಳನ್ನು ಬೆರೆಸಬೇಡಿ. ಯಾವುದನ್ನು ಬಳಸುತ್ತೀರೆಂದು ಸರ್ವರಿನ ‘ಆಪ್ಷನ್ಸ್’ನ ‘ಕಂಪ್ಯೂಟರ್ಸ್’ ವಿಭಾಗದಲ್ಲಿ ಆರಿಸಿ.

ಯಂತ್ರಗಳಿಗೆ ಸರ್ವರ್ ಎಲ್ಲಿದೆಯೆಂದು ಹೇಳುವುದೂ ಪಾಲಿಸಿಯ ಮೂಲಕವೇ. ಸಾಮಾನ್ಯ ಸಂಪರ್ಕಕ್ಕೆ 8530, ಗೂಢಲಿಪಿಯ ಸುರಕ್ಷಿತ ಸಂಪರ್ಕಕ್ಕೆ 8531 ಎಂಬ ಪೋರ್ಟ್ ಸಂಖ್ಯೆ. ಯಂತ್ರ ಸರ್ವರನ್ನು ಸಾಮಾನ್ಯವಾಗಿ ದಿನಕ್ಕೊಮ್ಮೆ ವಿಚಾರಿಸುತ್ತದೆ. ಆದ್ದರಿಂದ ಪಾಲಿಸಿ ಹಾಕಿದ ಹತ್ತು ನಿಮಿಷಕ್ಕೆ ಕನ್ಸೋಲಿನಲ್ಲಿ ಕಾಣಲಿಲ್ಲವೆಂದು ಮತ್ತೆ ಮತ್ತೆ ಬದಲಿಸಬೇಡಿ, ಒಂದು ದಿನ ಕಾಯಿರಿ.

ಕಾಲೇಜು ಲ್ಯಾಬಿನವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಒಂದು ಹಾರ್ಡ್‌ಡಿಸ್ಕ್ ತಯಾರಿಸಿ ಅದರ ನಕಲನ್ನೇ ಮೂವತ್ತು ಸಿಸ್ಟಂಗಳಿಗೆ ಹಾಕಿದ್ದರೆ, ಎಲ್ಲದರಲ್ಲೂ ಡಬ್ಲ್ಯುಎಸ್‌ಯುಎಸ್‌ನ ಗುರುತಿನ ಸಂಖ್ಯೆ ಒಂದೇ ಆಗಿರಬಹುದು. ಆಗ ಕನ್ಸೋಲಿನಲ್ಲಿ ಮೂವತ್ತರ ಬದಲು ಒಂದೇ ಯಂತ್ರ ಕಾಣುತ್ತದೆ, ಅದರ ಹೆಸರೂ ಆಗಾಗ ಬದಲಾಗುತ್ತಿರುತ್ತದೆ. ರಿಜಿಸ್ಟ್ರಿಯಲ್ಲಿ ‘ಸಸ್‌ಕ್ಲೈಂಟ್‌ಐಡಿ’ ಎಂಬ ಮೌಲ್ಯವನ್ನು ಅಳಿಸಿ, ಅಪ್‌ಡೇಟ್ ಸೇವೆಯನ್ನು ಮತ್ತೆ ಶುರುಮಾಡಿದರೆ ಪ್ರತಿ ಯಂತ್ರವೂ ಹೊಸ ಗುರುತು ಪಡೆಯುತ್ತದೆ.

ಉತ್ಪನ್ನಗಳ ಪಟ್ಟಿಯಲ್ಲಿ ನಿಮ್ಮಲ್ಲಿ ಇರುವುದನ್ನು ಮಾತ್ರ ಆರಿಸಿ. ಭಾಷೆಗಳಲ್ಲಿ ಬೇಕಾದ್ದನ್ನು ಮಾತ್ರ ಇಡಿ. ‘ಡ್ರೈವರ್ಸ್’ ವಿಭಾಗ ಬೇಡ. ಎಲ್ಲಕ್ಕೂ ಗುರುತು ಹಾಕಿದರೆ ಸರ್ವರಿನ ಡಿಸ್ಕ್ ಬೇಗನೆ ತುಂಬುತ್ತದೆ. ತಿಂಗಳಿಗೊಮ್ಮೆ ‘ಸರ್ವರ್ ಕ್ಲೀನಪ್ ವಿಝಾರ್ಡ್’ ನಡೆಸಿ.

ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರಿನಲ್ಲಿ ಡಬ್ಲ್ಯುಎಸ್‌ಯುಎಸ್‌ಗೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲವೆಂದು ಘೋಷಿಸಿದೆ. ಈಗಿರುವುದು ನಡೆಯುತ್ತದೆ, ವಿಂಡೋಸ್ ಸರ್ವರ್ 2025ರಲ್ಲೂ ಇದೆ. ಹೊಸದಾಗಿ ಶುರುಮಾಡುವವರು ಮುಂದಿನ ಭಾಗವನ್ನೂ ಓದಿ ತೀರ್ಮಾನಿಸಿ. 2025ರ ಅಕ್ಟೋಬರಿನಲ್ಲಿ ಡಬ್ಲ್ಯುಎಸ್‌ಯುಎಸ್‌ನಲ್ಲೇ ಗಂಭೀರ ಬಿರುಕು ಕಂಡು, ದಾಳಿಕೋರರು ಅದನ್ನು ಬಳಸಿಕೊಂಡರು. ಮೈಕ್ರೋಸಾಫ್ಟ್ 23ರಂದು ತುರ್ತು ಅಪ್‌ಡೇಟ್ ಬಿಟ್ಟಿತು. ಈ ಸರ್ವರಿನ ಎರಡು ಪೋರ್ಟ್‌ಗಳು ಹೊರಗಿನ ಇಂಟರ್‌ನೆಟ್ಟಿಗೆ ತೆರೆದಿರಕೂಡದು. ಹಂಚುವ ಸರ್ವರಿಗೇ ಅಪ್‌ಡೇಟ್ ಹಾಕಲು ಮರೆಯಕೂಡದು.

ಸರ್ವರ್ ಇಲ್ಲದವರಿಗೆ

ವಿಂಡೋಸ್ ಪ್ರೊ ಇದ್ದರೆ ಪ್ರತಿ ಸಿಸ್ಟಂನಲ್ಲೂ ಲೋಕಲ್ ಗ್ರೂಪ್ ಪಾಲಿಸಿ ಎಡಿಟರ್ ಸಿಗುತ್ತದೆ. ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ವಿಂಡೋಸ್ ಅಪ್‌ಡೇಟ್ ಎಂಬ ದಾರಿಯಲ್ಲಿ ಹೋದರೆ ತಿಂಗಳ ಅಪ್‌ಡೇಟನ್ನು ಎಷ್ಟು ದಿನ ಮುಂದೂಡಬೇಕೆಂದು ಬರೆಯುವ ಜಾಗವಿದೆ. ಗರಿಷ್ಠ 30 ದಿನ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಬದಲಾವಣೆಯನ್ನು 365 ದಿನದವರೆಗೆ ಮುಂದೂಡಬಹುದು.

ಇಲ್ಲಿ ಗುಂಪಿನ ಹೆಸರು ಬರೆಯಲು ಜಾಗವಿಲ್ಲ. ಆದರೆ ದಿನದ ಸಂಖ್ಯೆಯೇ ಗುಂಪಾಗುತ್ತದೆ: ಪರೀಕ್ಷೆಗೆ 0, ಮುಂಚೂಣಿಗೆ 2, ಸಾಮಾನ್ಯಕ್ಕೆ 7, ಜೋಪಾನಕ್ಕೆ 14. ಒಮ್ಮೆ ಪ್ರತಿ ಸಿಸ್ಟಂ ಮುಂದೆ ಕೂತು ಇದನ್ನು ಬರೆದರೆ ಮುಂದಿನ ತಿಂಗಳಿಂದ ತಾನಾಗಿ ನಡೆಯುತ್ತದೆ. ಜೋಪಾನ ಗುಂಪಿಗೆ ಇದರ ಜೊತೆಗೆ ‘ಇಳಿಸಿಕೊಳ್ಳುವ ಮುನ್ನ ಕೇಳು’ ಎಂಬ ಆಯ್ಕೆಯನ್ನೂ ಹಾಕಿಡಿ.

ವಿಂಡೋಸ್ ಹೋಮ್‌ನಲ್ಲಿ ಈ ಎಡಿಟರ್ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು ಗರಿಷ್ಠ ಐದು ವಾರ ತಡೆಹಿಡಿಯಬಹುದು. ವಿಂಡೋಸ್ 11ರಲ್ಲಿ ‘ಹೊಸ ಅಪ್‌ಡೇಟ್ ಬಂದ ಕೂಡಲೇ ಪಡೆಯಿರಿ’ ಎಂಬರ್ಥದ ಒಂದು ಸ್ವಿಚ್ಚಿದೆ. ಪರೀಕ್ಷೆ ಗುಂಪಿನಲ್ಲಿ ಅದನ್ನು ಆನ್ ಮಾಡಿ, ಉಳಿದೆಲ್ಲದರಲ್ಲೂ ಆಫ್ ಇಡಿ. ಮುಂದಿನ ತಿಂಗಳ ಬದಲಾವಣೆಗಳ ಮುನ್ನೋಟ ನಿಮಗೆ ಮೊದಲೇ ಸಿಗುತ್ತದೆ. ಹೊಸದಾಗಿ ಕೊಳ್ಳುವಾಗ ಕಚೇರಿಗೆ ಪ್ರೊ ಆವೃತ್ತಿಯನ್ನೇ ಕೇಳಿ.

ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ಚಂದಾ ಇರುವ ಸಂಸ್ಥೆಗಳಿಗೆ ಇಂಟ್ಯೂನ್ ಎಂಬ ಸೇವೆ ಅದರಲ್ಲೇ ಸೇರಿದೆ. ಅದರಲ್ಲಿ ‘ಅಪ್‌ಡೇಟ್ ರಿಂಗ್’ ಎಂದು ಕರೆಯುವುದು ಈ ಗುಂಪುಗಳನ್ನೇ. ನೆಲಮಂಗಲದ ಕಚೇರಿ, ಹೊಸಕೋಟೆಯ ಗೋದಾಮು, ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್ ಎಲ್ಲವನ್ನೂ ಒಂದೇ ಪರದೆಯಿಂದ ನೋಡಿಕೊಳ್ಳಬಹುದು.

ಸರ್ವರ್ ಇಲ್ಲದಿದ್ದರೂ ಇಂಟರ್‌ನೆಟ್ ಉಳಿಸಬಹುದು. ವಿಂಡೋಸ್ ಅಪ್‌ಡೇಟಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿರುವ ‘ಡೆಲಿವರಿ ಆಪ್ಟಿಮೈಸೇಶನ್’ ತೆರೆದು, ಸ್ಥಳೀಯ ನೆಟ್‌ವರ್ಕಿನ ಸಾಧನಗಳಿಗೆ ಮಾತ್ರ ಎಂದು ಆರಿಸಿ. ಒಂದು ಸಿಸ್ಟಂ ಇಳಿಸಿಕೊಂಡದ್ದನ್ನು ಪಕ್ಕದ್ದು ಲ್ಯಾನಿನಿಂದಲೇ ಪಡೆಯುತ್ತದೆ. ಗುಂಪು ಗುಂಪಾಗಿ ಹಾಕಿದಾಗ ಇದರ ಲಾಭ ಹೆಚ್ಚು, ಏಕೆಂದರೆ ಹಿಂದಿನ ಗುಂಪಿನವರಲ್ಲಿ ಕಡತ ಆಗಲೇ ಇರಬಹುದು.

ಉಬುಂಟು ಬಳಸುವ ಶಾಲೆ, ಕಾಲೇಜುಗಳಲ್ಲಿ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಭದ್ರತಾ ಅಪ್‌ಡೇಟ್‌ಗಳನ್ನು ತಾನಾಗಿ ಹಾಕುತ್ತದೆ. ಲ್ಯಾಬಿನ ಒಂದು ಸಿಸ್ಟಂನಲ್ಲಿ ‘ಆಪ್ಟ್-ಕ್ಯಾಷರ್-ಎನ್‌ಜಿ’ ಹಾಕಿದರೆ ಉಳಿದವು ಅದರಿಂದಲೇ ಪಡೆಯುತ್ತವೆ.

ಸರ್ಕಾರಿ ಕಚೇರಿಗಳಲ್ಲಿ ರಾಜ್ಯದ ಜಾಲಕ್ಕೆ ಜೋಡಿಸಿದ ಕಂಪ್ಯೂಟರ್‌ಗಳ ಅಪ್‌ಡೇಟ್ ನಿಯಮವನ್ನು ಸ್ವಂತಕ್ಕೆ ಬದಲಿಸಬೇಡಿ. ಪಟ್ಟಿ ಸಿದ್ಧಮಾಡಿ, ಇಲಾಖೆಯ ತಾಂತ್ರಿಕ ಸಿಬ್ಬಂದಿಯ ಮೂಲಕವೇ ಹೋಗಿ.

ಪರೀಕ್ಷೆ ಗುಂಪಿನಲ್ಲಿ ನೋಡಬೇಕಾದ್ದು

ವಿಂಡೋಸ್ ಎದ್ದಿತು ಎಂದರೆ ಪರೀಕ್ಷೆ ಮುಗಿದಂತಲ್ಲ. ನಿಮ್ಮ ಕೆಲಸ ನಡೆಯುತ್ತದೆಯೇ ಎಂದು ನೋಡಬೇಕು. ಹತ್ತು ನಿಮಿಷದ ಈ ಪಟ್ಟಿಯನ್ನು ಮುದ್ರಿಸಿ ಇಟ್ಟುಕೊಳ್ಳಿ:

• ಹಂಚಿಕೊಂಡ ಪ್ರಿಂಟರಿಗೆ ಒಂದು ಪುಟ ಕಳಿಸಿ.
• ಸರ್ವರಿನ ಹಂಚಿಕೆಯ ಫೋಲ್ಡರ್ ತೆರೆದು ಒಂದು ಕಡತ ಉಳಿಸಿ.
• ಟ್ಯಾಲಿಯಲ್ಲಿ ಕಂಪನಿ ತೆರೆದು ಒಂದು ಬಿಲ್ಲಿನ ಪ್ರಿವ್ಯೂ ನೋಡಿ.
• ಡಿಎಸ್‌ಸಿ ಟೋಕನ್ ಹಾಕಿ ಪೋರ್ಟಲ್ ಅದನ್ನು ಗುರುತಿಸುತ್ತದೆಯೇ ನೋಡಿ.
• ನುಡಿಯಲ್ಲಿ ನಾಲ್ಕು ಸಾಲು ಒತ್ತಕ್ಷರ ಸಹಿತ ಟೈಪ್ ಮಾಡಿ ಮುದ್ರಿಸಿ.
• ಬಯೋಮೆಟ್ರಿಕ್ ಸಾಧನದಿಂದ ಹಾಜರಿ ಇಳಿಸಿ.
• ಒಮ್ಮೆ ರೀಸ್ಟಾರ್ಟ್ ಮಾಡಿ, ಮತ್ತೆ ಲಾಗಿನ್ ಆಗಿ.

ಪ್ರಿಂಟರನ್ನು ಮೊದಲಿಟ್ಟದ್ದಕ್ಕೆ ಕಾರಣವಿದೆ. 2021ರ ಜುಲೈನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಗಂಭೀರ ಬಿರುಕಿಗೆ ಅಪ್‌ಡೇಟ್‌ಗಳು ಬಂದವು. ಅದೇ ಸೆಪ್ಟೆಂಬರಿನ ಅಪ್‌ಡೇಟ್ ಆದ ಮೇಲೆ ಎಷ್ಟೋ ಕಚೇರಿಗಳಲ್ಲಿ ಹಂಚಿಕೊಂಡ ಪ್ರಿಂಟರಿಗೆ ಸಂಪರ್ಕ ತಪ್ಪಿ, 11ಬಿ ಎಂದು ಕೊನೆಯಾಗುವ ದೋಷಸಂಖ್ಯೆ ಬರತೊಡಗಿತು. ಭದ್ರತೆಗೆ ಅಗತ್ಯವಾದ ಅಪ್‌ಡೇಟೇ ದಿನದ ಕೆಲಸ ನಿಲ್ಲಿಸಬಲ್ಲದು. ಪರೀಕ್ಷೆ ಗುಂಪು ಇದ್ದ ಕಡೆ ಇದು ಎರಡು ಮೂರು ಮೇಜುಗಳ ತೊಂದರೆಯಾಗಿ ಮುಗಿಯುತ್ತದೆ.

ಗುಂಪಿನ ಹಿಡಿತಕ್ಕೆ ಸಿಗದವು

ಕ್ರೌಡ್‌ಸ್ಟ್ರೈಕ್ ಪ್ರಕರಣದಲ್ಲಿ ಇನ್ನೊಂದು ಪಾಠವಿದೆ. ಎಷ್ಟೋ ಸಂಸ್ಥೆಗಳು ಆ ತಂತ್ರಾಂಶಕ್ಕೂ ಗುಂಪು ಮಾಡಿದ್ದವು. ಹೊಸ ಆವೃತ್ತಿಯ ಬದಲು ಒಂದೆರಡು ಹೆಜ್ಜೆ ಹಿಂದಿನದನ್ನು ಉಳಿಸಿಕೊಳ್ಳುವ ಆಯ್ಕೆ ಗ್ರಾಹಕರಿಗಿತ್ತು. ಆದರೆ ಅಂದು ಬಂದದ್ದು ಹೊಸ ಆವೃತ್ತಿಯಲ್ಲ, ದಾಳಿಗಳನ್ನು ಗುರುತಿಸುವ ಮಾಹಿತಿಯ ಕಡತ. ಅದು ಗ್ರಾಹಕರ ಗುಂಪುಗಳನ್ನು ಕೇಳದೆ ನೇರವಾಗಿ ಇಳಿಯಿತು. ಆ ಘಟನೆಯ ನಂತರ ಕಂಪನಿ ಇಂಥ ಕಡತಗಳನ್ನೂ ಹಂತಹಂತವಾಗಿ ಬಿಡಲು ಶುರುಮಾಡಿತು.

ಆದ್ದರಿಂದ ನಿಮ್ಮ ಗುಂಪುಗಳು ಯಾವುದನ್ನು ತಡೆಯಲಾರವು ಎಂಬುದನ್ನೂ ಬರೆದಿಡಿ. ಆಂಟಿವೈರಸ್‌ನ ದಿನನಿತ್ಯದ ಮಾಹಿತಿ, ಕ್ರೋಮ್ ಮತ್ತು ಎಡ್ಜ್ ಬ್ರೌಸರ್, ಝೂಮ್, ಎನಿಡೆಸ್ಕ್, ಪ್ರಿಂಟರ್ ಕಂಪನಿಯ ಸಹಾಯಕ ತಂತ್ರಾಂಶ ಇವೆಲ್ಲ ತಮ್ಮದೇ ದಾರಿಯಲ್ಲಿ ಅಪ್‌ಡೇಟ್ ಆಗುತ್ತವೆ. ಅವನ್ನು ನಿಲ್ಲಿಸಬೇಕಾಗಿಲ್ಲ. ಬ್ರೌಸರ್, ಆಂಟಿವೈರಸ್ ಬೇಗ ಅಪ್‌ಡೇಟ್ ಆಗುವುದೇ ಒಳ್ಳೆಯದು. ಒಂದು ಬೆಳಿಗ್ಗೆ ಎಲ್ಲ ಸಿಸ್ಟಂಗಳೂ ಒಟ್ಟಿಗೇ ಕೆಟ್ಟರೆ ಎಲ್ಲಿ ಹುಡುಕಬೇಕೆಂದು ಈ ಪಟ್ಟಿಯಿಂದ ಗೊತ್ತಾಗುತ್ತದೆ.

ಹಳೆಯ ಯಂತ್ರಗಳ ಗುಂಪು

ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 10ಕ್ಕೆ ಸಂಸ್ಥೆಗಳು ಹಣ ಕೊಟ್ಟು ಗರಿಷ್ಠ ಮೂರು ವರ್ಷ ಭದ್ರತಾ ಅಪ್‌ಡೇಟ್ ಪಡೆಯಬಹುದು, ದರ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತದೆ.

ಕಸೂತಿ ಯಂತ್ರ, ಸಿಎನ್‌ಸಿ, ರಕ್ತಪರೀಕ್ಷೆಯ ಯಂತ್ರಗಳ ಜೊತೆ ಬಂದ ಹಳೆಯ ಸಿಸ್ಟಂಗಳನ್ನು ಹೊಸ ವಿಂಡೋಸ್‌ಗೆ ಬದಲಿಸಿದರೆ ಯಂತ್ರದ ತಂತ್ರಾಂಶ ನಡೆಯದೆ ಹೋಗಬಹುದು. ಅವು ‘ಪ್ರತ್ಯೇಕ’ ಗುಂಪಿಗೆ ಸೇರುತ್ತವೆ, ಪ್ರತ್ಯೇಕವಾಗಿಯೇ ಇರಬೇಕು. ಇಂಟರ್‌ನೆಟ್ ಕೇಬಲ್ ತೆಗೆಯಿರಿ. ಲ್ಯಾನ್ ಬೇಕೇ ಬೇಕೆಂದರೆ ಅವಕ್ಕೆ ಬೇರೆ ಸ್ವಿಚ್ ಅಥವಾ ಬೇರೆ ವಿಎಲ್‌ಎಎನ್ ಮಾಡಿಸಿ. ಇಮೇಲ್, ಬ್ರೌಸರ್ ಬಳಸದಂತೆ ನೋಡಿಕೊಳ್ಳಿ. ವಿನ್ಯಾಸಗಳನ್ನು ಪೆನ್‌ಡ್ರೈವ್‌ನಲ್ಲಿ ತರುವುದಾದರೆ ಅದಕ್ಕೆಂದೇ ಒಂದು ಪೆನ್‌ಡ್ರೈವ್ ಇಟ್ಟು, ಪ್ರತಿ ಸಲ ಅಪ್‌ಡೇಟ್ ಆದ ಸಿಸ್ಟಂನಲ್ಲಿ ಸ್ಕ್ಯಾನ್ ಮಾಡಿ. ವಾನಾಕ್ರೈ ಲ್ಯಾನಿನೊಳಗೆ ಒಂದರಿಂದ ಇನ್ನೊಂದಕ್ಕೆ ತಾನಾಗಿ ಹಬ್ಬುತ್ತಿತ್ತು. ಒಂದು ಹಳೆಯ ಯಂತ್ರ ತೆರೆದಿದ್ದರೂ ಪಕ್ಕದವಕ್ಕೆಲ್ಲ ಅಪಾಯ.

ಕೆಟ್ಟರೆ, ಮತ್ತು ತುರ್ತು ಬಂದರೆ

ಪರೀಕ್ಷೆ ಅಥವಾ ಮುಂಚೂಣಿಯಲ್ಲಿ ದೋಷ ಕಂಡರೆ ಮೊದಲ ಕೆಲಸ ಮುಂದಿನ ಗುಂಪುಗಳನ್ನು ತಡೆಯುವುದು, ದುರಸ್ತಿ ಆಮೇಲೆ. ತಿಂಗಳ ಅಪ್‌ಡೇಟನ್ನು ಸೆಟ್ಟಿಂಗ್ಸ್‌ನ ‘ಅಪ್‌ಡೇಟ್ ಹಿಸ್ಟರಿ’ಯಲ್ಲಿ ತೆಗೆಯಬಹುದು. ವಿಂಡೋಸ್ ಏಳದಿದ್ದರೆ ದುರಸ್ತಿ ಪರದೆಯಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಸಿಗುತ್ತದೆ. ದೊಡ್ಡ ಆವೃತ್ತಿ ಬದಲಾವಣೆಯಿಂದ ಹಿಂದಿರುಗಲು ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ.

ದುರಸ್ತಿ ಪರದೆಗೆ ಹೋದಾಗ, ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಗಳ ಕೀಲಿ ಕೇಳಬಹುದು. 2024ರ ಜುಲೈನಲ್ಲಿ ಪ್ರತಿ ಯಂತ್ರದ ಮುಂದೆ ಒಬ್ಬರು ಕೂತು ಸೇಫ್ ಮೋಡ್‌ಗೆ ಹೋಗಿ ಕ್ರೌಡ್‌ಸ್ಟ್ರೈಕ್‌ನ ಆ ಕಡತ ಅಳಿಸಬೇಕಾಗಿತ್ತು. ಈ ಕೀಲಿ ಸಿಗದೆ ತಡವಾದವರು ಬಹಳ. ವಿಂಡೋಸ್ 11ರ ಹೊಸ ಯಂತ್ರಗಳಲ್ಲಿ ಗೂಢಲಿಪೀಕರಣ ಕೇಳದೆಯೇ ಆನ್ ಆಗಿರಬಹುದು. ಇವತ್ತೇ ಪ್ರತಿ ಸಿಸ್ಟಂನ ಕೀಲಿಯನ್ನು ಮುದ್ರಿಸಿ, ಕಂಪ್ಯೂಟರಿನ ಹೆಸರು ಬರೆದು, ಕಬ್ಬಿಣದ ಬೀರುವಿನಲ್ಲಿಡಿ.

ಕೆಲವೊಮ್ಮೆ ಎರಡು ವಾರ ಕಾಯುವುದೇ ಅಪಾಯ. ಒಂದು ಬಿರುಕನ್ನು ದಾಳಿಕೋರರು ಆಗಲೇ ಬಳಸುತ್ತಿದ್ದಾರೆಂದು ಮೈಕ್ರೋಸಾಫ್ಟ್ ಅಥವಾ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಎಚ್ಚರಿಸಿದರೆ ವೇಳಾಪಟ್ಟಿಯನ್ನು ಕುಗ್ಗಿಸಿ. ಬೆಳಿಗ್ಗೆ ಪರೀಕ್ಷೆ, ಮಧ್ಯಾಹ್ನ ಮುಂಚೂಣಿ, ಮರುದಿನ ಉಳಿದದ್ದು. ಕ್ರಮ ಅದೇ, ನಡುವಿನ ಅಂತರ ಮಾತ್ರ ದಿನಗಳಿಂದ ಗಂಟೆಗಳಿಗೆ ಇಳಿಯುತ್ತದೆ. ದಾಳಿಯೇ ಆಗಿಹೋದರೆ ಸರ್ಟ್-ಇನ್‌ನ 2022ರ ಆದೇಶದಂತೆ ಸಂಸ್ಥೆಗಳು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ.

ಒಂದು ಪುಸ್ತಕ, ಒಬ್ಬರ ಹೊಣೆ

ಗುಂಪುಗಳು ತಾವಾಗಿ ಉಳಿಯುವುದಿಲ್ಲ. ಹೊಸ ಲ್ಯಾಪ್‌ಟಾಪ್ ಬರುತ್ತದೆ, ಸ್ಟೋರ್ಸಿನ ಸಿಸ್ಟಂ ಗೇಟಿಗೆ ಹೋಗುತ್ತದೆ, ಗುಂಪು ಮಾತ್ರ ಹಳೆಯದೇ ಇರುತ್ತದೆ. ಡಬ್ಲ್ಯುಎಸ್‌ಯುಎಸ್ ಇದ್ದರೆ ವಾರಕ್ಕೊಮ್ಮೆ ‘ಅನ್‌ಅಸೈನ್ಡ್’ ಪಟ್ಟಿ ನೋಡಿ. ತಿಂಗಳಿಗೊಮ್ಮೆ, ಜೋಪಾನ ಗುಂಪಿನ ಕೆಲಸ ಮುಗಿದ ಮೇಲೆ, 30 ದಿನದಿಂದ ಸಂಪರ್ಕಕ್ಕೆ ಬಾರದ ಯಂತ್ರಗಳನ್ನು ಹುಡುಕಿ. ಬೀರುವಿನಲ್ಲಿಟ್ಟ ಲ್ಯಾಪ್‌ಟಾಪ್ ಹೊರಗೆ ಬಂದ ದಿನ ಅಪ್‌ಡೇಟ್‌ನಲ್ಲಿ ತಿಂಗಳುಗಟ್ಟಲೆ ಹಿಂದುಳಿದಿರುತ್ತದೆ.

ಒಂದು ರಿಜಿಸ್ಟರ್ ಇಡಿ: ದಿನಾಂಕ, ಅಪ್‌ಡೇಟಿನ ಸಂಖ್ಯೆ, ಗುಂಪು, ಕಂಡ ತೊಂದರೆ, ಮಾಡಿದ ಪರಿಹಾರ. ನೀವು ರಜೆಯಲ್ಲಿದ್ದಾಗ ಇನ್ನೊಬ್ಬರು ಅದನ್ನು ಓದಿ ಮುಂದುವರಿಸುವಂತಿರಬೇಕು. ಮಾಲೀಕರು, ಪ್ರಾಂಶುಪಾಲರು, ಕಾರ್ಯದರ್ಶಿಗಳು ಈ ಕೆಲಸಕ್ಕೆ ತಿಂಗಳಿಗೆ ಒಂದು ದಿನವನ್ನು ಕರ್ತವ್ಯದ ವೇಳೆಯಲ್ಲೇ ಮೀಸಲಿಡಬೇಕು. ಜೋಪಾನ ಗುಂಪಿನಲ್ಲಿ ಯಾವ ಸಿಸ್ಟಂ ಇರಬೇಕೆಂಬ ತೀರ್ಮಾನಕ್ಕೆ ಅವರ ಸಹಿಯೂ ಬೇಕು, ಏಕೆಂದರೆ ಅದು ಸಂಸ್ಥೆಯಲ್ಲಿ ಯಾವ ಕೆಲಸ ನಿಲ್ಲಕೂಡದು ಎಂಬ ತೀರ್ಮಾನ.

ಈ ವಾರ ಪಟ್ಟಿ ಮುಗಿಸಿ, ಪರೀಕ್ಷೆಗೆ ಮೂರು ಸಿಸ್ಟಂ ಆರಿಸಿ. ಉಳಿದ ಗುಂಪುಗಳು ಮುಂದಿನ ಎರಡನೇ ಮಂಗಳವಾರದೊಳಗೆ ಸಿದ್ಧವಾಗಲಿ.